ಕೋಟೆಯ ನೆರೆಯಲ್ಲಿ ಎರಡು ಮದ್ದು

ಚಾಮರಾಜಪೇಟೆಯಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯತ್ತ ನಡೆದರೆ, ಹೂವಿನ ರಾಶಿ, ಬಸ್ಸುಗಳ ಗದ್ದಲಗಳ ನಡುವೆ ಬೆಂಗಳೂರು ಕೋಟೆಯ ದಿಲ್ಲಿ ಬಾಗಿಲು ಎದುರಾಗುತ್ತದೆ. ಹೈದರಾಲಿಯು ಕಲ್ಲಿನಿಂದ ಬಲಪಡಿಸಿದ ಆ ಕೋಟೆಯಲ್ಲಿ ಈಗ ಉಳಿದಿರುವುದು ಈ ಬಾಗಿಲೂ ಕೊಂಚ ಗೋಡೆಯೂ ಮಾತ್ರ. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸನ ದಂಡು ಗೋಡೆಯೊಡೆದು ನುಗ್ಗಿದ ಜಾಗವನ್ನು ಅಲ್ಲಿನ ಅಮೃತಶಿಲೆಯ ಫಲಕವೊಂದು ಸಾರುತ್ತದೆ. ಗಾಯಗೊಂಡವರ ಕಥೆಯನ್ನು ಅದು ಹೇಳುವುದಿಲ್ಲ.

ಅಂದು ಬೆಳದಿಂಗಳ ರಾತ್ರಿ. ಕಿಲ್ಲೇದಾರ ಬಹಾದುರ್ ಖಾನನು ಕಾದಾಡುತ್ತಲೇ ಮಡಿದನು. ಹದಿನೈದು ದಿನ ಮೊದಲು ಇಂಗ್ಲಿಷ್ ಕುದುರೆಪಡೆಯ ಕರ್ನಲ್ ಫ್ಲಾಯ್ಡನ ಮುಖಕ್ಕೆ ಗುಂಡು ತಗುಲಿತ್ತು, ಅವನು ಬದುಕಿಕೊಂಡನು. ಆ ಭಾಗ್ಯ ಎಲ್ಲರದಾಗಿರಲಿಲ್ಲ. ಆ ಕಾಲದ ದಂಡುಗಳಲ್ಲಿ ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತು ಡೇರೆಗೆ ತರುತ್ತಿದ್ದರು. ಶಸ್ತ್ರವೈದ್ಯನ ಕೈಯಲ್ಲಿದ್ದುದು ಇಕ್ಕಳ, ಗರಗಸ, ಅಫೀಮಿನ ದ್ರಾವಣ. ಮೈಮರೆಸುವ ಈಥರ್ ಬಳಕೆಗೆ ಬಂದುದು 1846ರಲ್ಲಿ. ಗಾಯ ಕೀವಾಗದಂತೆ ತಡೆಯುವ ಲಿಸ್ಟರನ ಕ್ರಮ ಪ್ರಕಟವಾದುದು 1867ರಲ್ಲಿ. ಅಲ್ಲಿಯವರೆಗೆ ವೈದ್ಯನು ತೋರಬಹುದಾಗಿದ್ದ ದಯೆಯೆಂದರೆ ಬೇಗ ಕೈ ಮುಗಿಸುವುದೊಂದೇ.

ಆ ಯುದ್ಧದ ಗಾಯವೊಂದು ಲೋಕಪ್ರಸಿದ್ಧವಾಯಿತು. ಇಂಗ್ಲಿಷ್ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದ ಕಾವಸಜಿಯು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ವರ್ಷಕ್ಕೂ ಮಿಕ್ಕು ಮೂಗಿಲ್ಲದೆ ಬಾಳಿದ ಅವನಿಗೆ, ಪುಣೆಯ ಬಳಿಯ ದೇಶೀ ಕೈಗಾರನೊಬ್ಬನು ಹೊಸ ಮೂಗನ್ನು ಮಾಡಿಕೊಟ್ಟನು. ಮೇಣದಿಂದ ಮೂಗಿನ ಅಚ್ಚು ತೆಗೆದು, ಅದನ್ನು ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು ಗೆರೆ ಎಳೆದನು. ಅಷ್ಟು ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ಎಳೆಯನ್ನು ಮಾತ್ರ ಉಳಿಸಿ, ಕೆಳಕ್ಕೆ ತಿರುಗಿಸಿ, ಕಾಚಿನ ಅಂಟಿನಿಂದ ಕೂರಿಸಿದನು. ಆ ಎಳೆಯ ಮೂಲಕ ರಕ್ತ ಹರಿದು ಚರ್ಮ ಜೀವಂತವಾಗಿ ಉಳಿಯಿತು. ಸುಶ್ರುತನ ನಾಡಿನ ಈ ವಿದ್ಯೆಯ ವರದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್'ನಲ್ಲಿ ಅಚ್ಚಾಯಿತು. 1814ರಲ್ಲಿ ಅಲ್ಲಿಯ ವೈದ್ಯ ಕಾರ್ಪ್ಯೂ ಅದನ್ನೇ ಅನುಸರಿಸಿದನು.

ಅತ್ತ ಗುಂಡಿನ ಸದ್ದು ಅಡಗಿದ ಕೋಟೆಯ ನೆರೆಯಲ್ಲಿ 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. 1913ರಲ್ಲಿ ಮಿಂಟೋ ಕಣ್ಣಾಸ್ಪತ್ರೆಯ ಕಟ್ಟಡ, 1935ರಲ್ಲಿ ವಾಣಿವಿಲಾಸ, 1955ರಲ್ಲಿ ಮೆಡಿಕಲ್ ಕಾಲೇಜು ಬಂದವು. ವಿಕ್ಟೋರಿಯಾದ ಆವರಣದಲ್ಲೇ ಸುಟ್ಟಗಾಯಗಳಿಗೆ ಮಹಾಬೋಧಿ ಕೇಂದ್ರವಿದೆ. ಬೆಂದ ಮೈಗೆ ಚರ್ಮದ ಕಸಿಯಾಗುತ್ತದೆ, ನೋವು ತಿಳಿಯದಂತೆ.

ಕನ್ನಡದಲ್ಲಿ ಸಿಡಿಯುವುದಕ್ಕೂ ಮದ್ದೆಂದೇ ಹೆಸರು, ಗುಣಪಡಿಸುವುದಕ್ಕೂ ಮದ್ದೆಂದೇ ಹೆಸರು. ಮೊದಲನೆಯದು ಊರು ಬಿಟ್ಟು ಪೂರ್ತಿ ಹೋಗಿಲ್ಲ. ದೀಪಾವಳಿಯ ರಾತ್ರಿ ಪಟಾಕಿ ಸಿಡಿದು ಕಣ್ಣು ನೊಂದ ಮಕ್ಕಳನ್ನು ಎತ್ತಿಕೊಂಡು ತಾಯಿತಂದೆಯರು ಇಂದಿಗೂ ಮಿಂಟೋ ಬಾಗಿಲಿಗೆ ಧಾವಿಸುತ್ತಾರೆ. ಆ ಬಾಗಿಲು ತೆರೆದೇ ಇರುತ್ತದೆ.