ಎಲೆಯಿಲ್ಲದ ತಾಂಬೂಲ

ನಮ್ಮ ಸೋದರತ್ತೆಗೆ ಎಲೆಯಡಿಕೆಯ ಅಭ್ಯಾಸವಿಲ್ಲ. ಆದರೂ ಮದುವೆಮನೆಗಳಲ್ಲಿ ಅವರನ್ನು ಕಂಡ ಹೊಸಬರು, “ಇನ್ನಷ್ಟು ಸುಣ್ಣ ಬೇಕೇನಮ್ಮ?” ಎಂದು ಉಪಚಾರ ಮಾಡುತ್ತಿದ್ದುದುಂಟು. ಎಚ್ಚರವಿದ್ದಷ್ಟು ಹೊತ್ತೂ ಅವರ ಬಾಯಿ ಜಗಿಯುತ್ತಲೇ ಇರುತ್ತದೆ. ನಾಲಗೆ ತುಟಿಯ ಸಂದಿನಿಂದ ಇಣುಕಿ ಒಳಗೆ ಹೋಗುತ್ತದೆ. ಹೇಳಿದರೆ ಅರೆಗಳಿಗೆ ತಡೆದಾರು. ಮರುಗಳಿಗೆಗೆ ಮತ್ತೆ ಅದೇ. ನಿದ್ದೆ ಹತ್ತಿತೆಂದರೆ ಎಲ್ಲವೂ ಶಾಂತ. ಬಾಯಲ್ಲಿ ಮಾತ್ರ ಏನೂ ಇಲ್ಲ.

ಇದು ರೋಗದಿಂದ ಬಂದದ್ದಲ್ಲ, ರೋಗಕ್ಕೆ ಕೊಟ್ಟ ಮದ್ದಿನಿಂದ ಬಂದದ್ದು. ನಲವತ್ತು ವರ್ಷಗಳ ಹಿಂದೆ ಅತ್ತೆಯ ಕಿವಿಗೆ ಕಾಣದವರ ಮಾತು ಬೀಳತೊಡಗಿತ್ತು. ಅನ್ನದಲ್ಲಿ ವಿಷವಿದೆಯೆಂದು ತಟ್ಟೆ ಸರಿಸುತ್ತಿದ್ದರು. ರಾತ್ರಿಯೆಲ್ಲ ಬಾಗಿಲ ಅಗುಳಿ ಹಿಡಿದು ನಿಂತಿರುತ್ತಿದ್ದರು. ಹ್ಯಾಲೊಪೆರಿಡಾಲ್ ಎಂಬ ಸಣ್ಣ ಗುಳಿಗೆ ಆ ಮಾತುಗಳನ್ನು ಅಡಗಿಸಿತು. ಅವರು ಮತ್ತೆ ಅಡಿಗೆ ಮಾಡಿದರು, ಮಕ್ಕಳನ್ನು ಓದಿಸಿದರು, ಕಾಲ ಬಂದಾಗ ಅಳಿಯನ ಮೇಲೆ ಕೋಪಿಸಿಕೊಂಡರು. ಆ ಗುಳಿಗೆಯನ್ನು ಬಯ್ಯಲು ನನಗೆ ಮನಸ್ಸಿಲ್ಲ. ಜಗಿತ ಶುರುವಾದದ್ದು ಎಷ್ಟೋ ವರ್ಷಗಳ ಮೇಲೆ.

ಈ ಜಾತಿಯ ಮದ್ದುಗಳಲ್ಲಿ ಮೊದಲನೆಯದಾದ ಕ್ಲೋರ್‌ಪ್ರೊಮಜಿನ್ ಪ್ಯಾರಿಸ್ಸಿನ ಮನೋರೋಗಿಗಳಿಗೆ ದೊರೆತದ್ದು 1952ರಲ್ಲಿ. 1957ರಲ್ಲೇ ಜರ್ಮನಿಯ ವೈದ್ಯರೊಬ್ಬರು ಇಂಥ ಬಾಯಾಟವನ್ನು ಕಂಡು ಬರೆದಿಟ್ಟರು. 1964ರಲ್ಲಿ ‘ಟಾರ್ಡಿವ್ ಡಿಸ್ಕೈನೇಸಿಯ’ ಎಂದು ನಾಮಕರಣವಾಯಿತು. ತಡವಾಗಿ ಬರುವ ಕೆಟ್ಟ ಚಲನೆ ಎಂದಷ್ಟೇ ಅದರ ಅರ್ಥ. ಕಾರಣ ತಿಳಿಯದಾಗ ಲಕ್ಷಣವನ್ನೇ ಪರಭಾಷೆಗೆ ತಿರುಗಿಸಿ ರೋಗಿಯ ಕೈಗೆ ಕೊಡುವುದು ವಿದ್ವಾಂಸರ ಹಳೆಯ ಪದ್ಧತಿ.

ಮಿದುಳಿನಲ್ಲಿ ಡೋಪಮೈನ್ ಎಂಬ ರಸವೊಂದಿದೆಯಷ್ಟೆ. ಅದು ಬಂದು ತಟ್ಟುವ ಬಾಗಿಲುಗಳನ್ನು ಈ ಮದ್ದು ಮುಚ್ಚುತ್ತದೆ. ಬಹುಕಾಲ ಕದವಿಕ್ಕಿಕೊಂಡ ಮನೆಯವರು ಸಣ್ಣ ಸಪ್ಪಳಕ್ಕೂ ಬೆಚ್ಚುವಂತೆ, ಅಲ್ಲಿನ ಜೀವಕೋಶಗಳು ಅತಿಸೂಕ್ಷ್ಮವಾಗುತ್ತವೆ ಎಂದು ಹಳೆಯ ಊಹೆ. ಒಂದೇ ಗುಳಿಗೆ ನುಂಗಿದ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಬರುವುದೇಕೆ, ಮದ್ದು ನಿಂತ ಮೇಲೂ ಉಳಿಯುವುದೇಕೆ ಎಂದು ಕೇಳಿದರೆ ಆ ಊಹೆ ತಡವರಿಸುತ್ತದೆ. ಇನ್ನೊಂದು ವಿಚಿತ್ರ: ಮದ್ದು ಹೆಚ್ಚಿಸಿದರೆ ಜಗಿತ ಕೆಲಕಾಲ ಮರೆಯಾಗುತ್ತದೆ, ಇಳಿಸಿದರೆ ಜೋರಾಗುತ್ತದೆ. ಕದ್ದವನೇ ಕಾವಲಿಗೆ ನಿಂತಂತೆ! ವೈದ್ಯರು ಒಮ್ಮೆ ಗುಳಿಗೆ ಕಡಿಮೆ ಮಾಡಿ ನೋಡಿದರು. ಮೂರನೆಯ ವಾರ ಅತ್ತೆಗೆ ಅನ್ನದಲ್ಲಿ ಮತ್ತೆ ವಿಷ ಕಂಡಿತು.

2017ರಲ್ಲಿ ಅಮೆರಿಕದಲ್ಲಿ ಈ ಬಾಧೆಗೆಂದೇ ಎರಡು ಔಷಧಿಗಳಿಗೆ ಒಪ್ಪಿಗೆ ದೊರೆಯಿತು: ವಾಲ್ಬೆನಜಿನ್, ಡ್ಯೂಟೆಟ್ರಾಬೆನಜಿನ್. ನಾಮಕರಣವಾಗಿ 53 ವರ್ಷ ಕಳೆದಿತ್ತು. ಅವು ಚಲನೆಯನ್ನು ತಗ್ಗಿಸುತ್ತವೆ. ಬಿಟ್ಟರೆ ಅದು ಸಾಮಾನ್ಯವಾಗಿ ಮರಳುತ್ತದೆ. ಅವುಗಳ ಹಿರಿಯಣ್ಣನಾದ ಟೆಟ್ರಾಬೆನಜಿನ್ನನ್ನು ಅತ್ತೆಗೂ ಕೊಟ್ಟಿದ್ದರು. ಬಾಯಿ ತುಸು ತಣ್ಣಗಾಯಿತು, ಅದರೊಡನೆ ಮನಸ್ಸೂ ಕುಸಿಯಿತು. ಗೋಡೆಗೆ ಮುಖಮಾಡಿ ಮಲಗಿಬಿಡುತ್ತಿದ್ದರು. ಅದನ್ನೂ ನಿಲ್ಲಿಸಬೇಕಾಯಿತು.

ಈಗ ಅವರು ಮದುವೆಗಳಿಗೆ ಹೋಗುವುದಿಲ್ಲ. ಕಟ್ಟಿಸಿದ ಹಲ್ಲು ಬಾಯಲ್ಲಿ ನಿಲ್ಲದೆ ಡಬ್ಬಿಯಲ್ಲಿದೆ. ಶುಕ್ರವಾರದ ದೇವರನಾಮ ನಿಂತುಹೋಗಿದೆ. ನಾನು ಹೋದಾಗಲೆಲ್ಲ, “ಏನಾದರೂ ಹೊಸದು ಕಂಡುಹಿಡಿದರೇನೋ?” ಎಂದು ಕೇಳುತ್ತಾರೆ, ಅಂಚೆಯವನನ್ನು ಕೇಳುವಂತೆ.

ಹೋದ ತಿಂಗಳು ಇಲಿಗಳ ಸಂಗತಿ ಹೇಳಿದೆ. ಇದೇ ಮದ್ದನ್ನು ತಿಂಗಳುಗಟ್ಟಲೆ ಕೊಟ್ಟರೆ ಪ್ರಯೋಗಶಾಲೆಯ ಇಲಿಗಳೂ ಖಾಲಿ ಬಾಯಿ ಜಗಿಯತೊಡಗುತ್ತವೆ. ವಿಜ್ಞಾನಿಗಳು ಪಕ್ಕದಲ್ಲಿ ಕುಳಿತು ಅದನ್ನು ಎಣಿಸುತ್ತಾರೆ. ಅತ್ತೆ ಬಹಳ ಗಮನವಿಟ್ಟು ಕೇಳಿದರು.

“ಮದ್ದು ನಿಲ್ಲಿಸಿದ ಮೇಲೆ ಅವಕ್ಕೆ ವಾಸಿಯಾಯಿತೇನೋ?”

“ಕೆಲವಕ್ಕೆ ಆಗಲಿಲ್ಲವಂತೆ, ಅತ್ತೆ.”

“ಅಯ್ಯೋ ಪಾಪ,” ಎಂದು, ಲೋಟವನ್ನು ಎರಡು ಕೈಯಲ್ಲೂ ಹಿಡಿದು ಕಾಫಿ ಕುಡಿಯತೊಡಗಿದರು.