ಉಪ್ಪಿನ ಮಣ್ಣಿಗೆ ಇಳಿದು ಬರುವ ಕುರಿಗಳು

ಓದುಗರೇ, ಈ ಬರಹದ ಜೊತೆ ನಾನು ಕಳುಹಿಸಿರುವುದು ಒಂದೇ ಫೋಟೋ. ಅದರಲ್ಲಿ ಕುರಿಗಳು ಬೆರಳಿನ ಉಗುರಿನಷ್ಟೇ ಕಾಣುತ್ತವೆ. ಅದಕ್ಕಿಂತ ಹತ್ತಿರದಿಂದ ತೆಗೆದ ಇನ್ನೊಂದು ನನ್ನ ಮೊಬೈಲಿನಲ್ಲಿದೆ. ಅದನ್ನು ಯಾಕೆ ಕಳುಹಿಸಲಿಲ್ಲ ಎಂದು ಮುಂದೆ ಹೇಳುತ್ತೇನೆ.

2023ರ ಜೂನ್ ತಿಂಗಳಲ್ಲಿ ನಾನು ಅಮೆರಿಕದ ಕೊಲರಾಡೊ ರಾಜ್ಯಕ್ಕೆ ಹೋಗಿದ್ದೆ. ಪ್ರವಾಸಕ್ಕೆಂದು ಹೋದದ್ದಲ್ಲ. ಡೆನ್ವರ್ ನಗರದಲ್ಲಿರುವ ತಮ್ಮನ ಮನೆಯಲ್ಲಿ ಆರು ತಿಂಗಳಿದ್ದ ಅಮ್ಮಿಯನ್ನು ಊರಿಗೆ ಕರೆತರಬೇಕಿತ್ತು. ಒಬ್ಬ ಮೇಷ್ಟರಿಗೆ ಶಾಲೆ ಶುರುವಾದ ತಿಂಗಳಲ್ಲೇ ರಜೆ ಸಿಗುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತಲ್ಲ. ಸಿಕ್ಕಿದ್ದು ಎರಡೇ ವಾರ. ತಮ್ಮ ಹೇಳಿದ, "ಭಾಯಿಜಾನ್, ನಾವು ಹಾವೇರಿ ಕಡೆಯವರು. ಕುರಿ ನೋಡದೆ ಹೋದರೆ ಹೇಗೆ?"

ಅವನು ಹೇಳಿದ್ದು ಬಿಗ್‌ಹಾರ್ನ್ ಎಂಬ ಕಾಡುಕುರಿಯ ವಿಷಯ. ಕೊಲರಾಡೊ ರಾಜ್ಯ 1961ರಲ್ಲಿ ಇದನ್ನೇ ತನ್ನ ರಾಜ್ಯ ಪ್ರಾಣಿಯನ್ನಾಗಿ ಮಾಡಿಕೊಂಡಿದೆ. ಟಗರಿನ ಕೊಂಬು ಕಿವಿಯ ಹಿಂದಿನಿಂದ ಸುತ್ತಿಕೊಂಡು ಕೆನ್ನೆಯ ಮುಂದಕ್ಕೆ ಬರುತ್ತದೆ. ಎರಡೂ ಕೊಂಬು ಸೇರಿ ಹದಿನಾಲ್ಕು ಕಿಲೋವರೆಗೂ ತೂಗುವುದುಂಟು. ನವೆಂಬರ್, ಡಿಸೆಂಬರಿನಲ್ಲಿ ಟಗರುಗಳು ಒಂದಕ್ಕೊಂದು ಓಡಿ ಬಂದು ಡಿಕ್ಕಿ ಹೊಡೆಯುವ ಸದ್ದು ಮೈಲಿ ದೂರಕ್ಕೂ ಕೇಳಿಸುತ್ತದಂತೆ. ನಮ್ಮ ಕಡೆಯ ಟಗರಿನ ಕಾಳಗ ನೋಡಿದವರು ಆ ಸದ್ದನ್ನು ಸ್ವಲ್ಪ ಊಹಿಸಿಕೊಳ್ಳಬಹುದು. ಹೆಣ್ಣು ಕುರಿಯ ಕೊಂಬು ಮಾತ್ರ ಗಿಡ್ಡ, ಸ್ವಲ್ಪ ಹಿಂದಕ್ಕೆ ಬಾಗಿರುತ್ತದೆ ಅಷ್ಟೆ. ಮೈಮೇಲೆ ಉಣ್ಣೆಯಿಲ್ಲ. ಜಿಂಕೆಯ ಹಾಗೆ ಕಂದು ಕೂದಲು, ಹಿಂಭಾಗದಲ್ಲೊಂದು ಬಿಳಿ ಮಚ್ಚೆ. ಬಂಡೆಗಳ ನಡುವೆ ಅದು ಅಲುಗಾಡದೆ ನಿಂತರೆ ಆ ಬಿಳಿ ಮಚ್ಚೆಯಿಂದಲೇ ಗುರುತು ಹಿಡಿಯಬೇಕು.

ಒಂದು ಶನಿವಾರ ಫಜ್ರ್ ನಮಾಝ್ ಮುಗಿಸಿ ಹೊರಟೆವು. ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್ ಡೆನ್ವರ್‌ನಿಂದ ಸುಮಾರು ನೂರಹತ್ತು ಕಿಲೋಮೀಟರ್. ಆ ವರ್ಷ ಬೆಳಿಗ್ಗೆ ಒಂಬತ್ತರ ನಂತರ ಒಳಗೆ ಹೋಗಲು ಮುಂಗಡ ಪರವಾನಗಿ ಬೇಕಿತ್ತು. ನಾವು ಅದಕ್ಕೂ ಮೊದಲೇ ಗೇಟು ದಾಟಿದೆವು. ಒಳಗೆ ಸ್ವಲ್ಪ ದೂರದಲ್ಲೇ ಶೀಪ್ ಲೇಕ್ಸ್ ಎಂಬ ಜಾಗ. ಕೆರೆ ಎಂಬ ಹೆಸರು ಕೇಳಿ ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬೇಡಿ. ಬೆಟ್ಟಗಳ ನಡುವೆ ಒಂದು ಹುಲ್ಲುಗಾವಲು, ಅದರಲ್ಲಿ ಸಣ್ಣ ಹೊಂಡಗಳು. ನಮ್ಮೂರ ಹುಡುಗರು ಅದನ್ನು ಕೆರೆ ಎಂದು ಒಪ್ಪಲಾರರು. ಆದರೆ ಆ ಹೊಂಡಗಳ ಸುತ್ತಲಿನ ಮಣ್ಣಿನಲ್ಲಿ ಬೆಟ್ಟದ ಮೇಲೆ ಸಿಗದ ಲವಣಗಳಿವೆ. ಚಳಿಗಾಲವಿಡೀ ಒಣ ಮೇವು ತಿಂದು, ಆಮೇಲೆ ಮರಿ ಹಾಕಿ ಸೊರಗಿದ ಕುರಿಗಳು ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಮಮ್ಮಿ ರೇಂಜ್ ಎಂಬ ಬೆಟ್ಟಸಾಲಿನಿಂದ ಇಳಿದು ಬಂದು ಆ ಮಣ್ಣು ತಿನ್ನುತ್ತವೆ.

ಇದನ್ನು ಕೇಳಿ ಅಮ್ಮಿ ತಲೆಯಾಡಿಸಿದರು. ಅವರು ಚಿಕ್ಕಂದಿನಲ್ಲಿ ಕುರಿ, ಆಡು ಮೇಯಿಸಿದವರು. "ನಮ್ಮ ಕುರಿಗಾರರು ಉಪ್ಪು ನೆಕ್ಕಿಸುವುದಿಲ್ಲವೇ? ಪಾಪ, ಇವಕ್ಕೆ ಯಾರು ಕೊಡುತ್ತಾರೆ, ತಾವೇ ಹುಡುಕಿಕೊಂಡಿವೆ" ಎಂದರು.

ತೊಂದರೆಯೇನೆಂದರೆ ಬೆಟ್ಟಕ್ಕೂ ಹುಲ್ಲುಗಾವಲಿಗೂ ನಡುವೆ ಡಾಂಬರು ರಸ್ತೆಯಿದೆ. ಬೇಸಿಗೆಯಲ್ಲಿ ಅಲ್ಲಿ ಕಾರುಗಳ ಸಾಲು. ಅದಕ್ಕಾಗಿ ಪಾರ್ಕಿನವರು ರಸ್ತೆಯ ಒಂದು ಭಾಗವನ್ನು ಕುರಿ ದಾಟುವ ಜಾಗವೆಂದು ಗುರುತಿಸಿದ್ದಾರೆ. ಕುರಿ ಕಂಡೊಡನೆ ರೇಂಜರ್‌ಗಳು ಎರಡೂ ಕಡೆ ವಾಹನ ನಿಲ್ಲಿಸುತ್ತಾರೆ. ಜನ ಕಾರಿನಿಂದ ಇಳಿಯುವಂತಿಲ್ಲ. ಹುಲ್ಲುಗಾವಲಿಗೂ ಆ ತಿಂಗಳುಗಳಲ್ಲಿ ಕಾಲಿಡುವಂತಿಲ್ಲ. ಬೇರೆ ಕಡೆಗಳಲ್ಲೂ ಈ ಪ್ರಾಣಿಯಿಂದ ಎಪ್ಪತ್ತೈದು ಅಡಿ ದೂರವಿರಬೇಕೆಂಬ ನಿಯಮವಿದೆ.

ಹತ್ತೂವರೆ ಹೊತ್ತಿಗೆ ನಮ್ಮ ಕಾರು ಸರಿಯಾಗಿ ಆ ಜಾಗದಲ್ಲಿ ನಿಂತಿತು. ಬಲಗಡೆ ಇಳಿಜಾರಿನಲ್ಲಿ ಒಂಬತ್ತು ಕುರಿಗಳು, ಮೂರು ಮರಿಗಳು. ತಮ್ಮನ ಮಗ ಕಿಟಕಿಗೆ ಮೂಗು ಒತ್ತಿ, "ಬಡೇ ಅಬ್ಬಾ, ಇದನ್ನು ಬಕ್ರೀದ್‌ಗೆ ಕುರ್ಬಾನಿ ಕೊಡಬಹುದಾ?" ಎಂದು ಕೇಳಿದ. ಸಾಕಿದ ಪ್ರಾಣಿಯೇ ಆಗಬೇಕು ಮಗು, ಕಾಡಿನದು ಸಲ್ಲದು ಎಂದೆ. ಮಗುವಿಗೆ ನಿಯಮ ಹೇಳಿಕೊಟ್ಟ ಅದೇ ಬಾಯಿ, ಮರುಕ್ಷಣ ನಾನು ಮಾಡಿದ್ದೇನು ಗೊತ್ತೇ? ಮೊಬೈಲಿನಲ್ಲಿ ಕುರಿ ಚಿಕ್ಕದಾಗಿ ಕಾಣುತ್ತಿದೆಯೆಂದು ಬಾಗಿಲು ತೆರೆದು ಕೆಳಗಿಳಿದೆ. ಹತ್ತು ಹೆಜ್ಜೆ ನಡೆದಿರಬಹುದು. ಇನ್ನೂ ಬಹಳ ದೂರವಿದೆ ಎಂದೇ ನನ್ನ ಲೆಕ್ಕ.

ಮುಂದಿದ್ದ ಕುರಿ ರಸ್ತೆಯ ಅಂಚಿಗೆ ಒಂದು ಕಾಲು ಇಟ್ಟಿತ್ತು. ಅದು ನನ್ನನ್ನು ನೋಡಿತು, ತಿರುಗಿತು. ಉಳಿದವೂ ತಿರುಗಿದವು. ಮರಿಗಳು ತಾಯಂದಿರ ಹಿಂದೆ ಬಂಡೆ ಹತ್ತಿದವು. ಅರ್ಧ ನಿಮಿಷದಲ್ಲಿ ಇಳಿಜಾರು ಖಾಲಿ. ಆಗ ಕ್ಲಿಕ್ಕಿಸಿದ ಚಿತ್ರದಲ್ಲಿ ಇರುವುದು ಆ ಬಿಳಿ ಮಚ್ಚೆಗಳು ಮಾತ್ರ.

ರೇಂಜರ್ ಹೆಣ್ಣುಮಗಳು ಬಂದು ಗದರಲಿಲ್ಲ. ಮೆಲ್ಲನೆ ಕಾರಿಗೆ ಹತ್ತಿಸಿ, ಇನ್ನು ಇವತ್ತು ಬರುತ್ತವೋ ಇಲ್ಲವೋ ಹೇಳಲಾಗದು ಎಂದಳು. ಗದರಿದ್ದು ಅಮ್ಮಿ. "ನಿನ್ನ ಫೋಟೋಗೆ ಬಾಣಂತಿಯ ಬಾಯಿಗೆ ಬಂದ ತುತ್ತು ಕಸಿದೆಯಲ್ಲೋ" ಎಂದರು. ನಲವತ್ತು ದಾಟಿದ ನಾನು, ದಿನಕ್ಕೆ ಐದು ಪೀರಿಯಡ್ ಮಕ್ಕಳಿಗೆ ಶಿಸ್ತು ಕಲಿಸುವವನು, ತಲೆ ತಗ್ಗಿಸಿ ಕುಳಿತೆ. ಎರಡು ಗಂಟೆ ಕಾದರೂ ಅವು ಇಳಿಯಲಿಲ್ಲ.

ಆ ರಾತ್ರಿ ಈ ಕುರಿಗಳ ಬಗ್ಗೆ ಓದುತ್ತಾ ಕುಳಿತೆ. ಹತ್ತೊಂಬತ್ತನೇ ಶತಮಾನದಲ್ಲಿ ಆ ಬೆಟ್ಟಗಳಲ್ಲಿ ಸಾವಿರಾರು ಇದ್ದವು. ಮಾಂಸಕ್ಕೂ ಕೊಂಬಿಗೂ ಬೇಟೆಯಾಡಿದರು. 1915ರಲ್ಲಿ ಪಾರ್ಕ್ ಆದಮೇಲೂ ಇಳಿಕೆ ನಿಲ್ಲಲಿಲ್ಲ, 1950ರ ದಶಕದ ಹೊತ್ತಿಗೆ ಅಲ್ಲಿ ಉಳಿದದ್ದು ಸುಮಾರು ನೂರೈವತ್ತು. ಬಂದೂಕಿಗಿಂತ ನನ್ನನ್ನು ಕಲಕಿದ್ದು ಇನ್ನೊಂದು ಕಾರಣ. ವಲಸಿಗರು ತಂದ ಸಾಕು ಕುರಿಗಳಿಂದ ಇವಕ್ಕೆ ಕಜ್ಜಿಯೂ ನ್ಯುಮೋನಿಯಾವೂ ಅಂಟಿದವು. ಸಾಕು ಕುರಿ, ಆಡುಗಳ ಮೂಗಿನಲ್ಲಿರುವ ಒಂದು ಸೂಕ್ಷ್ಮಾಣು ಅವಕ್ಕೆ ಹೆಚ್ಚೇನೂ ಮಾಡುವುದಿಲ್ಲ. ಅದೇ ಕಾಡುಕುರಿಗೆ ತಗುಲಿದರೆ ಹಿಂಡಿಗೆ ಹಿಂಡೇ ಕೆಮ್ಮಿ ಬೀಳುತ್ತದೆ. ಬದುಕಿ ಉಳಿದ ತಾಯಿಯಿಂದ ಮರಿಗೆ ಹರಡಿ, ವರ್ಷಗಟ್ಟಲೆ ಮರಿಗಳು ಉಳಿಯುವುದಿಲ್ಲ. ಮೂಗಿಗೆ ಮೂಗು ತಾಗಿಸಿದ ಸ್ನೇಹವೇ ಸಾಕು! ಜನರ ಕಾಟದಿಂದಾಗುವ ಬೆದರಿಕೆಯೂ ಇವುಗಳ ಆರೋಗ್ಯ ಕೆಡಿಸುತ್ತದಂತೆ.

ಮುಂದಿನ ಶನಿವಾರ ಮತ್ತೆ ಹೋದೆವು. ಈ ಸಲ ಅಲ್ಲಿನ ವಾಹನ ನಿಲ್ದಾಣದಲ್ಲೇ ಕುಳಿತೆವು. ತಮ್ಮ ತನ್ನ ಕ್ಯಾಮೆರಾ, ಉದ್ದನೆಯ ಜೂಮ್ ಲೆನ್ಸ್ ತಂದಿದ್ದ. ನಿಮ್ಮಲ್ಲಿ ಯಾರಿಗಾದರೂ ಇಂಥ ಅವಕಾಶ ಸಿಕ್ಕರೆ ಒಂದೆರಡು ಮಾತು: ಲೆನ್ಸ್ ಕೈಯಲ್ಲಿ ಹಿಡಿದರೆ ನಡುಗುತ್ತದೆ. ಅಮ್ಮಿ ಸಣ್ಣ ಬಟ್ಟೆ ಚೀಲಕ್ಕೆ ಅಕ್ಕಿ ತುಂಬಿ ಹೊಲಿದು ಕೊಟ್ಟಿದ್ದರು. ಅದನ್ನು ಕಾರಿನ ಕಿಟಕಿಯ ಮೇಲಿಟ್ಟು ಅದರ ಮೇಲೆ ಲೆನ್ಸ್ ಕೂರಿಸಿದೆವು. ಇಂಜಿನ್ ನಿಲ್ಲಿಸಿಡಬೇಕು, ಇಲ್ಲದಿದ್ದರೆ ಅದರ ಅದುರು ಚಿತ್ರದಲ್ಲೂ ಬರುತ್ತದೆ. ಬಿಸಿಲೇರಿದ ಮೇಲೆ ನೆಲದಿಂದೇಳುವ ಕಾವಿಗೆ ಚಿತ್ರ ತೇಲಿದಂತಾಗುತ್ತದೆ, ಆದ್ದರಿಂದ ಬೆಳಗಿನ ಹೊತ್ತೇ ಮೇಲು.

ಹನ್ನೊಂದಕ್ಕೆ ವಾಹನಗಳು ನಿಂತವು. ಈ ಸಲ ಯಾರೂ ಇಳಿಯಲಿಲ್ಲ. ಹಾರ್ನ್ ಇಲ್ಲ, ಕೂಗಿಲ್ಲ. ಮುಂದಾಳು ಕುರಿ ರಸ್ತೆಯಂಚಿನಲ್ಲಿ ಬಹಳ ಹೊತ್ತು ನಿಂತಿತು, ಎಷ್ಟು ಹೊತ್ತೆಂದರೆ ನಾನು ಉಸಿರು ಬಿಡಲೂ ಹೆದರಿದೆ. ಆಮೇಲೆ ಒಮ್ಮೆಗೇ ದಾಟಿತು. ಹಿಂದೆ ಹದಿಮೂರು. ಕಟ್ಟಕಡೆಗೆ ಒಂದು ಮರಿ ರಸ್ತೆಯ ನಡುವೆ ನಿಂತು ಡಾಂಬರು ಮೂಸಿ, ತಾಯಿ ತಿರುಗಿ ನೋಡಿದಾಗ ಓಡಿತು.

ಅವು ಹೊಂಡದ ಬಳಿ ಮೊಣಕಾಲೂರಿ ಮಣ್ಣು ಕೆರೆದು ತಿನ್ನುತ್ತಿದ್ದಾಗ ತೆಗೆದ ಚಿತ್ರವೇ ಇದು. ಅವು ಹೋದ ವಾರದವೇ ಹೌದೋ ಅಲ್ಲವೋ ಗುರುತಿಸಲು ನನಗೆ ಬರಲಿಲ್ಲ. ಅಮ್ಮಿ ಮಾತ್ರ ಮುಂದಿನದರ ಕಿವಿಯ ಹರಕು ನೋಡಿ, "ಅದೇ" ಎಂದರು. ಊರಿಗೆ ಬಂದಮೇಲೂ ಮನೆಗೆ ಯಾರಾದರೂ ಬಂದರೆ, ಆ ಫೋಟೋ ತೆಗೆದು ತೋರಿಸು ಎನ್ನುತ್ತಾರೆ. ಕನ್ನಡಕ ಹಾಕಿಕೊಂಡು ಉಗುರಿನಷ್ಟಿರುವ ಕುರಿಗಳನ್ನು ಒಂದೊಂದಾಗಿ ಎಣಿಸುತ್ತಾರೆ, ಹದಿನಾಲ್ಕು ಆಗುವವರೆಗೆ ಮೊಬೈಲ್ ವಾಪಸ್ ಕೊಡುವುದಿಲ್ಲ.