ಶ್ರೀನಿವಾಸಪುರದಲ್ಲಿ ಮುಪ್ಪಿನ ಅಳತೆ

ಕೋಲಾರದಿಂದ ಉತ್ತರಕ್ಕೆ ಹೊರಟವರಿಗೆ ಶ್ರೀನಿವಾಸಪುರವು ಸಮೀಪಿಸಿತೆಂದು ತಿಳಿಯಲು ಮೈಲಿಗಲ್ಲು ಬೇಕಾಗಿಲ್ಲ; ಜ್ಯೇಷ್ಠಮಾಸವಾದರೆ ಮೂಗೇ ಹೇಳುತ್ತದೆ. ರಸ್ತೆಯ ಎರಡು ಮಗ್ಗುಲಿಗೂ ಮಾವಿನ ತೋಪುಗಳು, ಊರ ಹೊರಗೆ ಮಂಡಿಗಳು, ಮಂಡಿಯ ಮುಂದೆ ಗುಡ್ಡೆಗುಡ್ಡೆಯಾಗಿ ತೋತಾಪುರಿ, ಬಾದಾಮಿ, ನೀಲಂ. ಹಿಂದೆ ಪಾಪನಪಲ್ಲಿ ಎಂದಿದ್ದ ಈ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನು ಇಟ್ಟರೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ಇಲ್ಲಿ ಅನೇಕರಿಗೆ ಮನೆಮಾತು ತೆಲುಗು, ಪೇಟೆಯ ಮಾತು ಕನ್ನಡ; ಒಂದೇ ವಾಕ್ಯದಲ್ಲಿ ಎರಡೂ ಕೂಡಿಬರುವುದುಂಟು.

ನಾವು ಹೋದದ್ದು ಹಣ್ಣಿಗಾಗಿ ಅಲ್ಲ. ತಂದೆವೆಂಬುದು ಬೇರೆ ಮಾತು. ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು 2018ರಿಂದ ಈ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದು ದೊಡ್ಡ ಕಾರ್ಯವನ್ನು ಕೈಗೊಂಡಿದ್ದಾರೆ. ನಲವತ್ತೈದು ವರ್ಷ ದಾಟಿದ ಹತ್ತು ಸಾವಿರ ಮಂದಿಯನ್ನು ಸೇರಿಸಿಕೊಂಡು, ಅವರ ನೆನಪು, ರಕ್ತ, ಮಿದುಳಿನ ಚಿತ್ರ ಇವುಗಳನ್ನು ವರ್ಷ ವರ್ಷವೂ ಅನುಸರಿಸಿ, ಯಾರು ಹೇಗೆ ಮುಪ್ಪಾಗುತ್ತಾರೆಂದು ತಿಳಿಯುವುದು ಅವರ ಉದ್ದೇಶ. ಇಂಥ ಜ್ಞಾನವು ಈವರೆಗೆ ಬಹುಮಟ್ಟಿಗೆ ಯೂರೋಪು ಅಮೆರಿಕಗಳ ಓದುಬಲ್ಲ ಜನರಿಂದ ಬಂದುದು. ಆ ಅಳತೆಗೋಲು ಮಾವಿನ ತೋಪಿನಲ್ಲಿ ಬದುಕು ಸವೆಸಿದವರಿಗೆ ಒಪ್ಪುತ್ತದೆಯೇ ಎಂಬ ಕುತೂಹಲ ನಮ್ಮದು.

ಮಂಡಿಯೊಂದರಲ್ಲಿ ಹಣ್ಣು ಆರಿಸುತ್ತಿದ್ದ ಒಬ್ಬ ಅಜ್ಜಿಯ ಬಳಿ ಕುಳಿತೆವು. ವೈದ್ಯರು ಕೇಳುವ ಪ್ರಶ್ನೆಗಳಲ್ಲಿ ಕೆಲವು ನಮ್ಮ ಜೇಬಿನಲ್ಲಿದ್ದವು.

“ಅಜ್ಜಿ, ಇವತ್ತು ತಾರೀಖು ಎಷ್ಟು?”

“ತಾರೀಖು ನಂಗೇನು ಗೊತ್ತು ಸ್ವಾಮಿ, ಓದಿದೋರು ನೀವು.”

“ನೂರರಲ್ಲಿ ಏಳು ಕಳೆದರೆ?”

ಆಕೆ ನಕ್ಕುಬಿಟ್ಟಳು. ನಮ್ಮ ಕಾಗದದ ಪ್ರಕಾರ ಆಕೆಗೆ ಎರಡು ಸೊನ್ನೆ. ಆಮೇಲೆ ಕಾಗದವನ್ನು ಮಡಿಸಿಟ್ಟು ಮಾತಿಗಿಳಿದೆವು. ಅಮಾವಾಸ್ಯೆ ಕಳೆದು ನಾಲ್ಕು ದಿನವಾಯಿತೆಂದೂ, ಹುಣ್ಣಿಮೆಗೆ ಇನ್ನು ಹನ್ನೊಂದು ದಿನವೆಂದೂ ತಡೆಯಿಲ್ಲದೆ ಹೇಳಿದಳು. ಬೆಳಗಿನಿಂದ ಎಷ್ಟು ಬುಟ್ಟಿ ಆರಿಸಿದಳು, ಯಾವ ಬುಟ್ಟಿಯಲ್ಲಿ ಎಷ್ಟು ಕೊಳೆತಿತ್ತು, ಹೋದ ವಾರದ ಕೂಲಿಯಲ್ಲಿ ಬರಬೇಕಾದ ಬಾಕಿ ಎಷ್ಟು ಎಂಬುದೆಲ್ಲ ನಾಲಗೆಯ ತುದಿಯಲ್ಲಿಯೇ ಇದ್ದಿತು. ಬಾಕಿಯ ಮಾತು ಬಂದಾಗ ಧ್ವನಿಯನ್ನು ತುಸು ಎತ್ತರಿಸಿದಳು. ಅದು ನಮಗಾಗಿ ಅಲ್ಲವೆಂದು ತೋರಿತು.

1975ರಲ್ಲಿ ಅಮೆರಿಕದಲ್ಲಿ ಹುಟ್ಟಿ ಲೋಕವೆಲ್ಲ ಹರಡಿದ ಮೂವತ್ತು ಅಂಕಗಳ ಪರೀಕ್ಷೆಯೊಂದಿದೆ. ಅದರಲ್ಲಿ ಕಾಗದದ ಮೇಲಿನ ಆಜ್ಞೆಯನ್ನು ಓದಿ ಕಣ್ಣು ಮುಚ್ಚಬೇಕು. ಒಂದು ವಾಕ್ಯವನ್ನು ಬರೆಯಬೇಕು. ಅಕ್ಷರ ಕಲಿಯದವರ ಅಂಕ ಅಲ್ಲಿಯೇ ಸೋರಿಹೋಗುತ್ತದೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದ ವೈದ್ಯರು 1995ರಲ್ಲಿ ಪ್ರಕಟಿಸಿದ ಹಿಂದೀ ಪರೀಕ್ಷೆಯಲ್ಲಿ ಇದನ್ನು ತಿದ್ದಿದರು: ಓದುವುದಕ್ಕೆ ಬದಲಾಗಿ ನಾನು ಮಾಡಿದಂತೆ ಮಾಡಿ ಎಂದು ಕಣ್ಣು ಮುಚ್ಚಿ ತೋರಿಸುವುದು, ಬರೆಯುವುದಕ್ಕೆ ಬದಲು ನಿಮ್ಮ ಮನೆಯ ವಿಷಯ ಏನಾದರೂ ಹೇಳಿ ಎಂದು ಕೇಳುವುದು. ನೋಡುವುದಕ್ಕೆ ಸಣ್ಣ ತಿದ್ದುಪಡಿ. ಆದರೆ ಅದರಿಂದ ಎಷ್ಟು ಮಂದಿ ಹಿರಿಯರ ಮೇಲಿನ ಅಪವಾದ ಕಳೆಯಿತೋ!

2017-18ರಲ್ಲಿ ದೇಶದ 72,000ಕ್ಕೂ ಮಿಕ್ಕಿದ ಜನರನ್ನು ಸೇರಿಸಿ ನಡೆದ ವೃದ್ಧಾಪ್ಯದ ಸಮೀಕ್ಷೆಯಲ್ಲಿ ಮುಷ್ಟಿಯ ಬಲವನ್ನೂ, ನಾಲ್ಕು ಮೀಟರು ನಡೆಯುವ ವೇಗವನ್ನೂ ಅಳೆದರು. ಇವು ಅಕ್ಷರದ ಹಂಗಿಲ್ಲದ ಅಳತೆಗಳು. ಬಾಯಿಮಾತಿನ ಪ್ರಶ್ನೆಗಳೇ ತೊಡಕಿನವು. ಅಡುಗೆ ಮಾಡಬಲ್ಲಿರಾ ಎಂದು ನಮ್ಮ ಗೃಹಸ್ಥರನ್ನು ಕೇಳಿದರೆ ಇಪ್ಪತ್ತರಲ್ಲಿಯೂ ಇಲ್ಲ, ಎಂಬತ್ತರಲ್ಲಿಯೂ ಇಲ್ಲ; ಇದು ಮುಪ್ಪಿನ ದೋಷವೇ? ಆರೋಗ್ಯವಾಗಿದ್ದೀರಾ ಎಂದು ಕೇಳಿದರೂ ಇದೇ ಗತಿ. ದೀರ್ಘಾಯುಷ್ಯಕ್ಕೆ ಹೆಸರಾದ ಕೇರಳದವರು ಬಿಹಾರದವರಿಗಿಂತ ಹೆಚ್ಚು ಕಾಯಿಲೆಗಳನ್ನು ಹೇಳಿಕೊಳ್ಳುವುದನ್ನು ಅಮರ್ತ್ಯ ಸೇನರು 2002ರಲ್ಲಿ ಎತ್ತಿ ತೋರಿಸಿದರು. ವೈದ್ಯರನ್ನು ಕಂಡವನಿಗೇ ಕಾಯಿಲೆಯ ಹೆಸರು ಗೊತ್ತು.

ವಯಸ್ಸಾದರೂ ನಿಶ್ಚಯವೇ? ಹಿಂದೆ ಇದೇ ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮವರ್ಷವನ್ನೇ ಕೆಲವರು 1860 ಎಂದೂ ಕೆಲವರು 1861 ಎಂದೂ ಬರೆಯುತ್ತಾರೆ. 1962ರಲ್ಲಿ ತೀರಿಕೊಂಡಾಗ ನೂರು ತುಂಬಿತ್ತೆಂಬುದರಲ್ಲಿ ಮಾತ್ರ ವಿವಾದವಿಲ್ಲ. ಅಂಥವರ ಪಾಡೇ ಹೀಗಿರುವಾಗ ಮಂಡಿಯ ಅಜ್ಜಿ ತನಗೆ “ಅರವತ್ತೋ ಎಪ್ಪತ್ತೋ” ಎಂದುದರಲ್ಲಿ ಆಶ್ಚರ್ಯವೇನು?

ಆದರೆ ಇದರ ಮತ್ತೊಂದು ಮುಖವನ್ನು ಅದೇ ಸಂಜೆ ಕಂಡೆವು. ಸಮೀಪದ ಹಳ್ಳಿಯೊಂದರಲ್ಲಿ ನಮಗೆ ಊಟ ಹಾಕಿದ ಮನೆಯ ಯಜಮಾನರು, ಎಪ್ಪತ್ತೈದರ ಮೇಲಿನವರು, ಶಾಲೆ ಓದಿದವರು, ಬಲು ಸೊಗಸಾದ ಮಾತುಗಾರರು. ತಮ್ಮ ಬಾಲ್ಯದಲ್ಲಿ ಕೆರೆ ಕೋಡಿಬಿದ್ದ ಕಥೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ಅದೇ ಕಥೆಯನ್ನು ಮೊದಲಿನಿಂದ ಆರಂಭಿಸಿದರು. ಹೋದ ತಿಂಗಳು ತಮ್ಮದೇ ತೋಪಿನಿಂದ ಮನೆಗೆ ಬರುವ ದಾರಿ ತಪ್ಪಿ, ಕತ್ತಲಾದ ಮೇಲೆ ನೆರೆಯವರು ಕರೆತಂದರಂತೆ.

“ಅರವತ್ತಕ್ಕೆ ಅರಳುಮರಳು ಅಂತಾರಲ್ಲ ಸ್ವಾಮಿ, ಇವರಿಗೆ ಅದಕ್ಕಿಂತ ಹದಿನೈದು ವರ್ಷ ಮೇಲಾಯ್ತು,” ಎಂದು ಮಗನು ನಕ್ಕನು. ಸೊಸೆ ನಗಲಿಲ್ಲ. “ನಮ್ಮ ಮಾವ ಹೀಗಿರಲಿಲ್ಲ. ಎರಡು ವರ್ಷದಿಂದ ಈಚೆಗೆ ಆಗಿರೋದು,” ಎಂದಳು.

ಎಲ್ಲ ಅಳತೆಗಳಿಗಿಂತ ಈ ಹೆಣ್ಣುಮಗಳ ಮಾತೇ ನಮಗೆ ಹೆಚ್ಚಿನದಾಗಿ ಕಂಡಿತು. ಹೊರಗಿನವರು ಒಂದು ದಿನದ ಅಂಕ ಬರೆಯಬಲ್ಲರು. ಮನುಷ್ಯನು ತನಗೆ ತಾನೇ ಎಷ್ಟು ಬದಲಾದನೆಂಬುದನ್ನು ಬಲ್ಲವರು ಅನ್ನ ಬಡಿಸುವವರು. ಒಂದೇ ಜನರನ್ನು ವರ್ಷಗಟ್ಟಲೆ ಅನುಸರಿಸುವ ಸಂಶೋಧಕರು ಹಿಡಿಯಲು ಯತ್ನಿಸುತ್ತಿರುವುದೂ ಈ ವ್ಯತ್ಯಾಸವನ್ನೇ. ಮರೆವೆಲ್ಲ ಮುಪ್ಪಲ್ಲವೆಂದೂ, ಥೈರಾಯಿಡ್ ಗ್ರಂಥಿಯ ದೌರ್ಬಲ್ಯದಿಂದಲೂ ಬಿ-12 ಜೀವಸತ್ವದ ಕೊರತೆಯಿಂದಲೂ ಮರೆವು ಬರುವುದುಂಟೆಂದೂ, ಅಂಥದು ಚಿಕಿತ್ಸೆಗೆ ಬಗ್ಗಬಹುದೆಂದೂ, ರಕ್ತಪರೀಕ್ಷೆಯಿಂದ ಅದನ್ನು ತಿಳಿಯಬಹುದೆಂದೂ ಅವರಿಗೆ ಹೇಳಿದೆವು. ಮಗನು ನಗುವುದನ್ನು ನಿಲ್ಲಿಸಿ, ಮಾವಿನ ಸುಗ್ಗಿ ಮುಗಿಯಲಿ ಎಂದನು. ಸೋಮವಾರವೇ ಕೋಲಾರಕ್ಕೆ ಕರೆದುಕೊಂಡು ಹೋಗೋಣವೆಂದು ಸೊಸೆ ಹೇಳಿದಳು. ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆಂಬುದನ್ನು ಊಟದ ಹೊತ್ತಿನಲ್ಲಿಯೇ ಗಮನಿಸಿದ್ದೆವಾದ್ದರಿಂದ ನಮಗೆ ಸಮಾಧಾನವಾಯಿತು.

ಹೊರಡುವಾಗ ಹಿರಿಯರು ಜಗುಲಿಯ ಮೇಲೆ ಕುಳಿತಿದ್ದರು. ನಮ್ಮನ್ನು ಕಂಡು ಸಂತೋಷದಿಂದ ಎದ್ದುನಿಂತು, “ಯಾವಾಗ ದಯಮಾಡಿಸಿದಿರಿ? ಊಟವಾಯಿತೇ?” ಎಂದು ಕೇಳಿದರು. ಆಯಿತೆಂದು ಮೂರನೆಯ ಸಲ ಹೇಳಿ, ಕೈಮುಗಿದು, ಗಾಡಿ ಹತ್ತಿದೆವು.